ಆರು ಬೆರಳು ಗಿಡ್ಡ ದಾರ

ಡಾಬಕಾ, ತಾಲೂಕು ಔರಾದ
೯ ಸೆಪ್ಟೆಂಬರ್ ೧೯೫೬

ಮೀರಾ,

ನಿನ್ನ ಕಾಕಾ ಕಾಶೀರಾಮ ಬರೆಯುವುದು. ಎರಡೂ ಕೈಯಲ್ಲಿ ಹೆಣಿಗೆಯ ಸಲಾಯಿ ಕಡ್ಡಿ ಇದ್ದವು. ಅವನ್ನು ಕೆಳಗಿಟ್ಟು ಪೆನ್ಸಿಲ್ ಹಿಡಿದಿದ್ದೇನೆ ಎಂದರೆ ನಿನ್ನ ಮೇಲೆ ಎಷ್ಟು ಜೀವ ಇದೆ ಎಂದು ತಿಳಿದುಕೋ.

ನಿನ್ನ ಕಾರ್ಡು ಮುಟ್ಟಿತು. ನಮ್ಮ ಅಳಿಯ ಮಾಸ್ತರ ವೈಜಿನಾಥನನ್ನು ಬೀದರಿನ ದವಾಖಾನೆಗೆ ಸೇರಿಸಿ ಎರಡು ತಿಂಗಳಾಯಿತು, ಮಗಳು ಸಖುವನ್ನು ಭಾಲ್ಕಿಯಲ್ಲಿ ಅತ್ತೆಯ ಹತ್ತಿರ ಬಿಟ್ಟು ನೀನು ನೌಬಾದದಲ್ಲಿ ಒಂದು ಖೋಲಿ ಹಿಡಿದಿದ್ದೀ, ಎರಡು ಹೊತ್ತು ಬುತ್ತಿ ಒಯ್ಯುತ್ತೀ, ಕೆಮ್ಮು ಮೊದಲಿಗಿಂತ ಕಡಿಮೆ ಎಂದು ಓದಿದೆ. ಕಡಿಮೆಯಾಗಲೇಬೇಕು. ಈಗ ಆ ಕ್ಷಯರೋಗಕ್ಕೆ ಸೂಜಿಮದ್ದು ಬಂದಿದೆ, ನಮ್ಮಪ್ಪನ ಕಾಲ ಅಲ್ಲ. ವೈಜಿನಾಥನಂಥ ಎದೆ ಭಾಲ್ಕಿಯ ಮಾಸ್ತರರಲ್ಲಿ ಇನ್ನೊಬ್ಬರಿಗಿಲ್ಲ. ಮದುವೆಯ ದಿನ ಅಳೆದವನು ನಾನೇ ಅಲ್ಲವೇ.

ಬೀದರಿನ ಚಳಿ ನನಗೆ ಹೊಸದಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡು ಅಲ್ಲಿ ಒಂದು ದವಾಖಾನೆಯ ಮಂಚದ ಮೇಲೆ ಮೂರು ತಿಂಗಳು ಮಲಗಿದ್ದೆ. ನನ್ನ ಮಾತಿಗೆ ಬೇಸತ್ತು ನರ್ಸಮ್ಮ ಕೈಗೆ ಎರಡು ಸಲಾಯಿ ಕೊಟ್ಟಳು. ಬಾಯಿ ಮುಚ್ಚಲಿಲ್ಲ, ಕೈ ಕಲಿಯಿತು. ಇಡೀ ಔರಾದ ತಾಲೂಕಿನಲ್ಲಿ ಸ್ವೆಟರ್ ಹೆಣೆಯುವ ಗಂಡಸು ನಾನೊಬ್ಬನೇ. ಹೆಂಗಸರಲ್ಲೂ ನನ್ನ ಸಮ ಇಲ್ಲ, ಆದರೆ ಅದನ್ನು ನಿನ್ನ ಕಾಕಿ ಒಪ್ಪುವುದಿಲ್ಲ.

ಈ ಚಳಿಗಾಲಕ್ಕೆ ಅಳಿಯನಿಗೆ ಒಂದು ಹೆಣೆಯುತ್ತೇನೆ. ನನ್ನ ರೀತಿ ನಿನಗೆ ಗೊತ್ತಿದೆ, ಆದರೂ ಹೇಳುತ್ತೇನೆ, ಹೇಳಿದರೆ ನನಗೆ ಸುಖ. ಕೊರಳು ಗುಂಡಗೆ, ಮುಚ್ಚಿದ್ದು. ಪಟ್ಟಣದವರು ಕೊರಳನ್ನು ಮುಂದೆ ಸೀಳಿ ಎದೆ ತೆರೆದಿಡುತ್ತಾರೆ. ಅದನ್ನು ತೊಟ್ಟು ಕೆಮ್ಮು ಹೋಗು ಎಂದರೆ ಅದು ಯಾಕೆ ಹೋದೀತು? ಗುಂಡಿ ಹಾಕುವುದಿಲ್ಲ, ಗುಂಡಿ ಅಂಗಿಗೆ. ಕಿಸೆ ಇಲ್ಲ, ಕಿಸೆ ಇದ್ದರೆ ಜನ ಬೀಡಿ ಇಡುತ್ತಾರೆ. ತೋಳನ್ನು ಭುಜದಿಂದ ಕೆಳಗೆ ಹೆಣೆಯುತ್ತೇನೆ, ಮುಂಗೈ ಸವೆದರೆ ಅಷ್ಟೇ ಬಿಚ್ಚಿ ಮತ್ತೆ ಹಾಕಬಹುದು. ಅಂಗಡಿಯ ಸಲಾಯಿ ನನ್ನ ಕೈಯಲ್ಲಿ ಬಾಗುತ್ತವೆ. ಅದಕ್ಕೇ ಸೈಕಲ್ ಗಾಲಿಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ನಾನೇ ಮಾಡಿಕೊಂಡಿದ್ದೇನೆ. ನನ್ನ ಹೆಣಿಗೆ ಎಷ್ಟು ಬಿಗಿ ಎಂದರೆ ಮೇಲೆ ನೀರು ಹೊಯ್ದರೆ ನೀರು ದಾರಿ ಕೇಳಿಕೊಂಡು ಇಳಿಯಬೇಕು.

ಅಳತೆ ಕಳಿಸುವುದು ಬೇಡ. ನನ್ನ ಗೋಡೆಯ ಮೊಳೆಗೆ ನಮ್ಮವರೆಲ್ಲರ ಎದೆ ತೂಗುತ್ತಿದೆ, ಒಬ್ಬೊಬ್ಬರಿಗೆ ಒಂದು ದಾರ. ವೈಜಿನಾಥನದು ಕೆಂಪು ದಾರ.

ಕಾಶೀರಾಮ


ನೌಬಾದ, ಬೀದರ
೧೯ ಸೆಪ್ಟೆಂಬರ್ ೧೯೫೬

ಕಾಕಾರಿಗೆ ಮೀರಾ ಕೈ ಮುಗಿದು,

ಇವರು ಸುಧಾರಿಸುತ್ತಿದ್ದಾರೆ. ನಿಮ್ಮ ಪತ್ರವನ್ನು ಓದಿ ಹೇಳಿದೆ, ನೀರು ದಾರಿ ಕೇಳುವ ಮಾತಿಗೆ ನಕ್ಕರು. ನಕ್ಕು ಕೆಮ್ಮಿದರು, ಹೆಚ್ಚೇನಲ್ಲ.

ಇದರೊಳಗೆ ಒಂದು ದಾರ ಮಡಚಿಟ್ಟಿದ್ದೇನೆ. ಒಂದನೇ ಗಂಟಿನವರೆಗೆ ತೋಳು, ಎರಡನೆಯದರವರೆಗೆ ಉದ್ದ, ಪೂರಾ ದಾರ ಎದೆ. ಮೊಳೆಯ ಮೇಲಿನದು ಬೇಡ, ಇದಕ್ಕೇ ಹೆಣೆಯಿರಿ. ವಾರ್ಡಿನಲ್ಲಿ ಕಿಟಕಿ ಯಾವಾಗಲೂ ತೆರೆದಿರುತ್ತವೆ. ಸ್ವೆಟರ್ ಸಡಿಲವಾದರೆ ಗಾಳಿ ಒಳಗೆ ಹೋಗುತ್ತದೆ, ಅದಕ್ಕೇ.

ಭಾಲ್ಕಿಯಲ್ಲಿ ಅತ್ತೆಯವರಿಗೆ ಪತ್ರ ಬರೆದರೆ ಸುಧಾರಿಸಿದೆ ಎಂದಷ್ಟೇ ಬರೆಯಿರಿ.

ಮೀರಾ


ಡಾಬಕಾ
೧ ಅಕ್ಟೋಬರ್ ೧೯೫೬

ಮೀರಾ,

ನಿನ್ನ ದಾರವನ್ನು ಮೊಳೆಯ ಕೆಂಪು ದಾರದ ಪಕ್ಕ ಹಿಡಿದೆ. ಆರು ಬೆರಳು ಗಿಡ್ಡ. ನಾನು ನಕ್ಕ ಸದ್ದಿಗೆ ನಿನ್ನ ಕಾಕಿ ಒಲೆಯ ಮುಂದಿನಿಂದ ಎದ್ದು ಬಂದಳು. ಯಾರ ಎದೆ ಅಳೆದು ಕಳಿಸಿದ್ದೀ, ವಾರ್ಡಿನ ಕಸ ಹೊಡೆಯುವ ಹುಡುಗಿಯದೇ?

ನಿನ್ನ ಗುಟ್ಟು ನನಗೆ ತಿಳಿಯಿತು. ಕಾಕಾನ ಉಣ್ಣೆ ಉಳಿಯಲಿ ಎಂದು ದಾರ ಕತ್ತರಿಸಿದ್ದೀ. ನೀನು ಸಣ್ಣವಳಿದ್ದಾಗಲೂ ಹೀಗೇ ಮಾಡುತ್ತಿದ್ದೆ, ಅರ್ಧ ರೊಟ್ಟಿ ತಿಂದು ಹೊಟ್ಟೆ ತುಂಬಿತು ಅನ್ನುತ್ತಿದ್ದೆ. ನಿಮ್ಮಪ್ಪ ಹೋದ ಮೇಲೆ ನಿನ್ನನ್ನು ಬೆಳೆಸಿದವನ ಮುಂದೆ ಈ ಆಟ ನಡೆಯುವುದಿಲ್ಲ.

ಉಣ್ಣೆಯ ಚಿಂತೆ ಬಿಡು. ಹಾವಗೆಪ್ಪನ ಕುರಿಗಳ ಕರಿ ಉಣ್ಣೆ ತಂದಿದ್ದೇನೆ. ಬಣ್ಣ ಕಟ್ಟಿದ್ದಲ್ಲ, ಕುರಿಯದೇ ಬಣ್ಣ. ಪೇಟೆಯ ಉಣ್ಣೆ ಮೆತ್ತಗೆ, ಮೊದಲ ಒಗೆತಕ್ಕೆ ಅಳುತ್ತದೆ. ಇದು ಮೈಗೆ ಚುಚ್ಚುತ್ತದೆ, ಚುಚ್ಚಲಿ. ಚುಚ್ಚುವ ಉಣ್ಣೆಯೇ ಬಿಸಿ ಹಿಡಿಯುತ್ತದೆ. ಹಾವಗೆಪ್ಪ ತಾನೇ ನೂತು ಕೊಟ್ಟ. ನೂಲು ದಪ್ಪ ಆಯಿತು ಎಂದು ನಾನು ಬೈದೆ. ‘ಹೆಣ್ಮಕ್ಕಳ ಕೆಲ್ಸ ಮಾಡಾಂವ್ಗ ಗಂಡಸಿನ ನೂಲು ಕೊಟ್ಟೀನಿ, ತಗೋ’ ಅಂದ.

ನಿನ್ನ ಕಾಕಿ ಸುಮ್ಮನಿರಬೇಕಲ್ಲ.

‘ಆಕಿ ಕಳ್ಸಿದ ಅಳತಿಗೇ ಹಾಕ್ರಿ. ದಿನಾ ನೋಡಾಕಿ ಆಕಿ.’

‘ಹೆಣಿಯಾಂವ ನಾನು. ನನ್ನ ಮೊಳಿ ಸುಳ್ಳ ಹೇಳ್ತದೇನು?’

‘ಸುಳ್ಳ ಹೇಳಂಗಿಲ್ಲ. ಆರು ವರ್ಷದ ಹಿಂದಿಂದು ಹೇಳ್ತದ.’

ನಾನು ಸಲಾಯಿ ಕಡೆ ತಿರುಗಿದೆ. ಎಪ್ಪತ್ತು ಕುಣಿಕೆ ಎಣಿಸುತ್ತಿದ್ದೆ, ನಡುವೆ ಮಾತಾಡಿದರೆ ತಪ್ಪುತ್ತದೆ.

ದವಾಖಾನೆಯಲ್ಲಿ ಹಾಲು, ಮೊಟ್ಟೆ ಕೊಡುತ್ತಾರಂತೆ. ಅದಕ್ಕೆ ಕೆಂಪು ದಾರಕ್ಕಿಂತ ಎರಡು ಬೆರಳು ಹೆಚ್ಚೇ ಇಟ್ಟಿದ್ದೇನೆ. ಬರುವಾಗ ಅಳಿಯ ಹೊಟ್ಟೆ ಬಿಟ್ಟುಕೊಂಡು ಬರಬೇಕು.

ಕಾಶೀರಾಮ


ನೌಬಾದ
೧೨ ಅಕ್ಟೋಬರ್ ೧೯೫೬

ಕಾಕಾ,

ದಾರ ಸರಿ ಇದೆ. ಎರಡು ಸಲ ಅಳೆದಿದ್ದೇನೆ. ದಯಮಾಡಿ ಅದಕ್ಕೇ ಹೆಣೆಯಿರಿ. ಯಾಕೆ ಎಂದು ಈಗ ಕೇಳಬೇಡಿ, ನೀವು ಬಂದಾಗ ಹೇಳುತ್ತೇನೆ. ಪತ್ರವನ್ನು ಇವರೂ ಓದಲು ಕೇಳುತ್ತಾರೆ.

ಮೀರಾ


ಔರಾದ
೨೭ ಅಕ್ಟೋಬರ್ ೧೯೫೬

ಮೀರಾ,

ಔರಾದ ಬೀದರ ಮೋಟಾರಿನ ಡ್ರೈವರ್ ಅಮೀರ ಪಾಶಾನ ಕೈಯಲ್ಲಿ ಸ್ವೆಟರಿನ ಗಂಟು ಕೊಟ್ಟಿದ್ದೇನೆ, ಜೊತೆಗೆ ಈ ಚೀಟಿ. ನಿನ್ನ ಕಾರ್ಡು ಬಂದಾಗ ಎದೆ, ಬೆನ್ನು ಎರಡೂ ಮುಗಿದಿದ್ದವು. ಹೆಣೆದದ್ದನ್ನು ಬಿಚ್ಚುವುದು ನನ್ನ ಕೈಯಿಂದ ಆಗದು. ಬಿಚ್ಚಿದ ನೂಲು ಸುಕ್ಕುಗಟ್ಟುತ್ತದೆ, ಹೆಣೆದವನ ಮುಖವೂ ಹಾಗೇ ಆಗುತ್ತದೆ. ಯಾಕೆ ಎಂದು ಕೇಳಬೇಡಿ ಎಂದು ಬರೆದಿದ್ದೀ. ಕೇಳಿಲ್ಲ.

ಮೋಟಾರ್ ಅಡ್ಡೆಯಲ್ಲಿ ಗಂಟು ಬಿಚ್ಚಿ ಎಲ್ಲರಿಗೂ ತೋರಿಸಿದೆ. ತೋರಿಸದೆ ಕಳಿಸುವುದಕ್ಕೆ ನಾನೇನು ಕದ್ದಿದ್ದೇನೆಯೇ? ಅಮೀರ ಪಾಶಾ ಅದನ್ನು ಎರಡೂ ಕೈ ಅಗಲಿಸಿ ಹಿಡಿದು ನೋಡಿ ಹೇಳಿದ್ದು ಇಷ್ಟು: ‘ಕಾಶೀರಾಮ ಭಾಯಿ, ಇದ್ರಾಗ ಇಬ್ರು ಹಿಡೀತಾರ.’ ಡ್ರೈವರನಿಗೂ ಒಳ್ಳೆಯ ಕೆಲಸ ಕಣ್ಣಿಗೆ ಬೀಳುತ್ತದೆ.

ಎಡಗೈ ತೋಳಿನೊಳಗೆ ಅಳಿಯನಿಗೆ ಒಂದು ಚೇಷ್ಟೆ ಮಾಡಿಟ್ಟಿದ್ದೇನೆ. ಏನು ಎಂದು ನಿನಗೆ ಹೇಳುವುದಿಲ್ಲ. ಕೈ ತೂರಿಸಿದಾಗ ಅವನಿಗೇ ಸಿಗುತ್ತದೆ.

ಒಪ್ಪಿತು ಎಂದು ಬೇಗ ಬರೆ.

ಕಾಶೀರಾಮ


ಡಾಬಕಾ
೪ ನವೆಂಬರ್ ೧೯೫೬

ಮೀರಾ,

ನಾವೀಗ ಮೈಸೂರಿನವರು. ಒಂದನೇ ತಾರೀಖು ಔರಾದದಲ್ಲಿ ಝಂಡಾ ಏರಿಸಿ ಪೇಢೆ ಹಂಚಿದರು. ನಾನು ಎರಡು ಸಲ ಸಾಲಿನಲ್ಲಿ ನಿಂತೆ. ಒಂದು ಸಲ ಹಳೆಯ ಹೈದರಾಬಾದಿನ ಲೆಕ್ಕಕ್ಕೆ, ಒಂದು ಸಲ ಹೊಸ ಮೈಸೂರಿನ ಲೆಕ್ಕಕ್ಕೆ ಎಂದು ಹೇಳಿದೆ, ಕೊಟ್ಟರು. ನಾನು ಮೈಸೂರು ನೋಡಿಲ್ಲ, ಮೈಸೂರು ನನ್ನನ್ನು ನೋಡಿಲ್ಲ. ಉದಗೀರಿನ ನಿನ್ನ ಅತ್ತೆ ಮಾತ್ರ ಮುಂಬಯಿಯವಳಾದಳು. ನಿನ್ನೆಯ ತನಕ ನನ್ನ ತಂಗಿ, ಇಂದು ಬೇರೆ ರಾಜ್ಯ. ಇನ್ನು ಮೇಲೆ ಆಕೆಗೆ ಸ್ವೆಟರ್ ಕಳಿಸಬೇಕಾದರೆ ಅರ್ಜಿ ಬರೆಯಬೇಕೇನೋ.

ಸಭೆಯಲ್ಲಿ ಎದ್ದು ನಾನೂ ನಾಲ್ಕು ಮಾತು ಆಡಿದೆ. ಯಾರೂ ಕರೆದಿರಲಿಲ್ಲ. ನಾನು ಭಾಲ್ಕಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದವನು, ನನ್ನ ಅಳಿಯ ಅದೇ ಊರಿನಲ್ಲಿ ಮಾಸ್ತರ, ನಮ್ಮ ಮನೆಯಲ್ಲಿ ವಿದ್ಯೆ ಅಳಿಯನ ಕಡೆಯಿಂದ ಒಳಗೆ ಬಂತು ಎಂದೆ. ಚಪ್ಪಾಳೆ ಬಿತ್ತು.

ಸ್ವೆಟರಿನ ಸುದ್ದಿ ಬರಲಿಲ್ಲ. ಒಪ್ಪಿತೇ? ಅವನು ಏನಂದ? ಅಕ್ಷರ ಬಿಡದೆ ಬರೆ.

ಕಾಶೀರಾಮ


ಡಾಬಕಾ
೧೬ ನವೆಂಬರ್ ೧೯೫೬

ಮೀರಾ,

ಗಂಟು ಕಳಿಸಿ ಮೂರು ವಾರ ಆಯಿತು, ಒಂದು ಕಾರ್ಡು ಇಲ್ಲ. ಗಂಟು ಮುಟ್ಟಿಸಿದೆ ಎಂದು ಅಮೀರ ಪಾಶಾ ಕುರಾನಿನ ಮೇಲೆ ಆಣೆ ಮಾಡುತ್ತಾನೆ. ಉಣ್ಣೆ ಚುಚ್ಚುತ್ತದೆ ಎಂದು ಸಿಟ್ಟೇ? ಕರಿ ಬಣ್ಣ ಹಿಡಿಸಲಿಲ್ಲವೇ? ಪಟ್ಟಣದಲ್ಲಿ ನಾಲ್ಕು ತಿಂಗಳಿಗೇ ಕಾಕಾನ ಕೆಲಸ ಒರಟು ಅನ್ನಿಸಿತೇ?

ಚಲೋ ಎಂದು ಒಂದು ಶಬ್ದ ಬರೆದರೆ ಟಪಾಲಿನ ಟಿಕೀಟಿನ ಬೆಲೆ ಹೆಚ್ಚುವುದಿಲ್ಲ.

ಕಾಶೀರಾಮ


ಭಾಲ್ಕಿ
೨೨ ನವೆಂಬರ್ ೧೯೫೬

ಕಾಕಾ,

ಭಾಲ್ಕಿಯಿಂದ ಬರೆಯುತ್ತಿದ್ದೇನೆ. ಇವರು ನನ್ನನ್ನು ಕಳಿಸಿಬಿಟ್ಟರು.

ಸ್ವೆಟರ್ ಒಪ್ಪಿತೇ ಎಂದು ಕೇಳುತ್ತೀರಿ. ಹೇಳುತ್ತೇನೆ. ನಿಮ್ಮ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಹೆದರಿ ಇಷ್ಟು ದಿನ ಹೇಳಿರಲಿಲ್ಲ. ಆಗಸ್ಟಿನಲ್ಲೇ ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ತಡವಾಗಿ ಬಂದಿದ್ದೀರಿ, ಎದೆಯ ಎರಡೂ ಕಡೆ ಹೋಗಿದೆ, ಇನ್ನು ಮದ್ದಿಗಿಂತ ಧೈರ್ಯದ ಮೇಲೆ ಎಷ್ಟು ದಿನ ನಡೆದರೆ ಅಷ್ಟು ಎಂದರು. ಆ ಧೈರ್ಯ ಇಳಿಯಬಾರದು ಎಂದು ನಾನು ಒಂದು ಕೆಲಸ ಮಾಡಿದೆ. ಕನ್ನಡಿ ಒಡೆಯಿತು ಎಂದು ಸುಳ್ಳು ಹೇಳಿ ತೆಗೆದಿಟ್ಟೆ. ಒಗೆಯಲು ತಂದ ಅಂಗಿಗಳನ್ನು ವಾರಕ್ಕೊಮ್ಮೆ ಪಕ್ಕೆಯಲ್ಲಿ ಒಳಗೆ ಹಿಡಿದು ಹೊಲಿದೆ. ಅವರು ಕರಗಿದಂತೆ ಅಂಗಿಯೂ ಕರಗಿತು. ಪಾಯಿಜಾಮದ ನಡ, ಕೈಯ ಪಟ್ಟಿ ಎಲ್ಲ ಹಾಗೇ. ‘ನೋಡು ಮೀರಾ, ಅಂಗಿ ಮೈಗಿ ಸರಿ ಕುಂದರ್ತದ, ನಾ ಇಳದಿಲ್ಲ’ ಎನ್ನುತ್ತಿದ್ದರು. ಮೊಟ್ಟೆ ತಿನ್ನುತ್ತಿದ್ದರು. ಡಿಸೆಂಬರಿಗೆ ಸಾಲೆಗೆ ಹೋಗುತ್ತೇನೆ, ಮೈಸೂರಿನವರ ಹೊಸ ಪುಸ್ತಕ ಬರುತ್ತವೆ, ಓದಿಕೊಳ್ಳಬೇಕು ಎನ್ನುತ್ತಿದ್ದರು. ಆ ದಾರವನ್ನು ಅದಕ್ಕೇ ಕಳಿಸಿದ್ದೆ.

ಒಂದನೇ ತಾರೀಖು ದವಾಖಾನೆಯ ಅಂಗಳದಲ್ಲಿ ಝಂಡಾ ಏರಿಸುವವರಿದ್ದರು. ಮಾಸ್ತರ ಮಲಗಿಕೊಂಡು ಝಂಡಾ ನೋಡಬಾರದು ಎಂದು ಇವರು ಎದ್ದರು. ಹೊಸ ಸ್ವೆಟರ್ ಕೇಳಿದರು. ಗಂಟನ್ನು ನಾನು ಆಗಲೇ ಬಿಚ್ಚಿ ನೋಡಿದ್ದೆ, ಮಂಚದ ಕೆಳಗೆ ಸರಿಸಿದ್ದೆ. ಇನ್ನೂ ಬಂದಿಲ್ಲ ಎಂದೆ. ಪಕ್ಕದ ಮಂಚದ ಕುತುಬೋದ್ದೀನ ಸಾಹೇಬರು, ಪಾಪ, ಒಳ್ಳೆಯ ಮನಸ್ಸಿನಿಂದ, ‘ಅಲ್ರಿ ಬಾಯಿ, ಮೊನ್ನೇ ಡ್ರೈವರ್ ಕೊಟ್ಟು ಹೋದ್ನಲ್ಲ’ ಎಂದು ತಾವೇ ಬಗ್ಗಿ ಎಳೆದು ಕೊಟ್ಟರು.

ತೊಟ್ಟರು. ಭುಜ ಮೊಣಕೈ ಹತ್ತಿರ ಬಂತು. ಬೆರಳಿನ ತುದಿಯೂ ಹೊರಗೆ ಕಾಣಲಿಲ್ಲ. ಮುಂದಿನಿಂದ ಹಿಡಿದರೆ ಒಂದು ಮುಷ್ಟಿ, ಹಿಂದಿನಿಂದ ಒಂದು ಮುಷ್ಟಿ.

‘ಮಾಸ್ಟರ್ ಸಾಬ್, ಇದು ನಿಮ್ಮ ಅಣ್ಣಂದೇನ್ರಿ?’ ಎಂದು ಕುತುಬೋದ್ದೀನ ಸಾಹೇಬರು ಕೇಳಿದರು.

ಇವರೂ ನಕ್ಕರು. ‘ನಮ್ಮ ಮಾವಾರು ಹೆಣದಾರ, ಉಣ್ಣಿ ಪುಕ್ಕಟ ಸಿಕ್ಕದ ಕಾಣಸ್ತದ’ ಎಂದರು. ಆಮೇಲೆ ಎಡ ತೋಳಿನಲ್ಲಿ ನಿಮ್ಮ ಚೀಟಿ ಸಿಕ್ಕಿತು. ಗಟ್ಟಿಯಾಗಿ ಓದಿದರು, ಎಲ್ಲರೂ ನಗಲಿ ಎಂದು. ‘ಅಳಿಯಂದಿರೇ, ಇದು ಮದುವೆಯ ದಿನದ ನಿಮ್ಮ ಎದೆಯ ಅಳತೆ, ಮೇಲೆ ಎರಡು ಬೆರಳು. ಮೀರಾ ಆರು ಬೆರಳು ಗಿಡ್ಡ ದಾರ ಕಳಿಸಿ ನನಗೆ ಮೋಸ ಮಾಡಲು ನೋಡಿದಳು. ನೀವು ತುಂಬಿಸಿ ತೋರಿಸಿ.’

ಓದಿ ಮುಗಿಸಿ ಮಂಚದ ಮೇಲೆ ಕುಳಿತರು. ನನ್ನ ಮುಖ ನೋಡಿದರು. ‘ಆ ನೀಲಿ ಅಂಗಿ ಕೊಡು’ ಎಂದರು. ಕೊಟ್ಟೆ. ಒಳಗೆ ಹೊರಗೆ ಮಾಡಿ ಪಕ್ಕೆಯ ಹೊಲಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದರು. ಒಂಬತ್ತು ಸಾಲು. ಹೊರಗೆ ಝಂಡಾ ಏರಿ ಚಪ್ಪಾಳೆ ಕೇಳಿಸುತ್ತಿತ್ತು. ಇವರು ಹೋಗಲಿಲ್ಲ.

ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಬುತ್ತಿ ಹಾಗೇ ವಾಪಸು ಬರುತ್ತಿತ್ತು. ಹೋದ ಸೋಮವಾರ ಮಾತಾಡಿದರು. ‘ಇನ್ನ ಮ್ಯಾಲ ನನ್ನ ಮುಂದ ಬರಬ್ಯಾಡ. ನಿನ್ನ ಮುಖ ನೋಡಿ ನನಗ ಏನೂ ತಿಳಿಯಂಗಿಲ್ಲ.’

ನಿಮ್ಮದೊಂದೇ ತಪ್ಪಲ್ಲ ಕಾಕಾ. ಯಾಕೆ ಎಂದು ನಾನು ಬರೆಯಲಿಲ್ಲ. ಆದರೆ ನೀವು ಒಮ್ಮೆಯಾದರೂ ಕೇಳಬಹುದಿತ್ತು. ಬೇಡ ಎಂದಿದ್ದರೂ ಕೇಳಬಹುದಿತ್ತು.

ಅಲ್ಲಿ ಅವರ ಹತ್ತಿರ ಈಗ ಯಾರೂ ಇಲ್ಲ.

ಮೀರಾ


ಬೀದರ
೨೯ ನವೆಂಬರ್ ೧೯೫೬

ಮೀರಾ,

ನಿನ್ನ ಪತ್ರ ಬಂದ ದಿನವೇ ಹೊರಟೆ. ಕಾಕಿಗೆ ಓದಿ ಹೇಳಿದೆ. ಆಕೆ ಎದ್ದು ರೊಟ್ಟಿ ಕಟ್ಟಿ ಕೊಟ್ಟಳು.

ಅಳಿಯ ಆರಾಮ ಇದ್ದಾನೆ. ನನ್ನನ್ನು ನೋಡಿ ಖುಷಿಯಾದ. ನಾನು ಬಂದ ಮೇಲೆ ವಾರ್ಡಿನ ರಂಗೇ ಬೇರೆ. ಇವತ್ತು ಎರಡು ಮೊಟ್ಟೆ ತಿಂದ, ಒಂದು ಲೋಟ ಹಾಲು ಕುಡಿದ. ಸಖುವಿನ ಸುದ್ದಿ ಕೇಳಿದ. ನಿನ್ನನ್ನೂ ಕೇಳಿದ, ಮೀರಾ ಊಟ ಮಾಡುತ್ತಾಳೋ ಇಲ್ಲವೋ ಎಂದು. ಸಿಟ್ಟು ಅರ್ಧ ಇಳಿದಿದೆ. ಮಿಕ್ಕ ಅರ್ಧ ಇಳಿಸುವುದು ನನ್ನ ಎಡಗೈ ಕೆಲಸ.

ಅಂಗಳದ ಬೇವಿನ ಕೆಳಗೆ ಮಲಗುತ್ತೇನೆ. ನನ್ನ ಚಿಂತೆ ಬೇಡ.

ಕಾಶೀರಾಮ


ಭಾಲ್ಕಿ
೩ ಡಿಸೆಂಬರ್ ೧೯೫೬

ಕಾಕಾ,

ಪತ್ರವನ್ನು ಎಷ್ಟು ಸಲ ಓದಿದೆನೋ. ಅತ್ತೆಯವರಿಗೂ ಓದಿ ಹೇಳಿದೆ, ಅವರು ಅತ್ತರು. ಎರಡು ಮೊಟ್ಟೆ ತಿಂದರೇ? ನನ್ನನ್ನು ಕೇಳಿದರೇ? ಹಾಗಾದರೆ ನಾನು ಈ ಭಾನುವಾರ ಪರಳಿಯಿಂದ ಬರುವ ರೈಲುಗಾಡಿಗೆ ಬರುತ್ತೇನೆ. ಜೋಳದ ನುಚ್ಚು, ಹುಳಿ ಸಾರು ತರುತ್ತೇನೆ, ಅದಾದರೆ ಗಂಟಲಲ್ಲಿ ಇಳಿಯುತ್ತದೆ. ಅವರಿಗೆ ಹೇಳಿಡಿ.

ಮೀರಾ


ಬೀದರ
೬ ಡಿಸೆಂಬರ್ ೧೯೫೬

ಮೀರಾ,

ಈ ಭಾನುವಾರ ಬರಬೇಡ. ಡಾಕ್ಟರರು ಹೊಸ ಮದ್ದು ಶುರು ಮಾಡಿದ್ದಾರೆ, ಹತ್ತು ದಿನ ಜನ ಬರಬಾರದಂತೆ. ನನ್ನನ್ನು ಹೇಗೆ ಬಿಟ್ಟಿದ್ದಾರೆ ಎಂದು ಕೇಳಬೇಡ, ನಾನು ಕಾಂಪೌಂಡರನ ಮಗಳಿಗೆ ಟೋಪಿ ಹೆಣೆದು ಕೊಟ್ಟಿದ್ದೇನೆ. ಕಿವಿ ಮುಚ್ಚುವ ಟೋಪಿ, ಕೆಳಗೆ ಗೊಂಡೆ. ಈ ವಾರ್ಡಿನಲ್ಲಿ ನನ್ನ ಮಾತು ನಡೆಯುತ್ತದೆ.

ಅಳಿಯ ನಿನ್ನೆ ವರಾಂಡದ ತುದಿಯವರೆಗೆ ನಡೆದ. ದಿನಾ ನಿನ್ನ ಹೆಸರು ತೆಗೆಯುತ್ತಾನೆ. ನುಚ್ಚಿನ ಸುದ್ದಿ ಹೇಳಿದೆ, ಬಾಯಲ್ಲಿ ನೀರು ಬಂತು ಅಂದ.

ಮುಂದಿನ ವಾರ ನೋಡೋಣ.

ಕಾಶೀರಾಮ


ಬೀದರ
೧೯ ಡಿಸೆಂಬರ್ ೧೯೫೬

ಮೀರಾ,

ತಾರು ಕೊಡಬೇಕೆಂದು ಪೋಸ್ಟಿನ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ತಾರು ಕಂಡರೆ ನಿನ್ನ ಅತ್ತೆ ಒಡೆಯುವ ಮೊದಲೇ ಬಾಯಿ ಬಡಿದುಕೊಳ್ಳುತ್ತಾಳೆ. ಅದಕ್ಕೆ ಸಂಜೆಯ ಗಾಡಿಗೆ ಭಾಲ್ಕಿಗೆ ಹೋಗುವವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಜೀವ ಇದೆ. ಮೊದಲು ಅದನ್ನು ತಿಳಿದುಕೊಂಡು ಮುಂದೆ ಓದು.

ಹಿಂದಿನ ಎರಡು ಪತ್ರಗಳಲ್ಲಿ ನಾನು ಬರೆದದ್ದರಲ್ಲಿ ಟೋಪಿಯ ಮಾತು ಒಂದೇ ನಿಜ. ಅವನು ಮೊಟ್ಟೆ ತಿನ್ನಲಿಲ್ಲ, ನಾನು ತಿಂದೆ. ವರಾಂಡಕ್ಕೆ ನಡೆಯಲಿಲ್ಲ. ಡಾಕ್ಟರರು ಜನರನ್ನು ತಡೆದಿಲ್ಲ, ಹೊಸ ಮದ್ದೂ ಇಲ್ಲ. ನಾನು ಬಂದ ದಿನ ಗೋಡೆಯ ಕಡೆ ಹೊರಳಿದವನು ಇಪ್ಪತ್ತು ದಿನ ಗೋಡೆಯನ್ನೇ ನೋಡಿದ. ನಿನ್ನ ಹೆಸರು ತೆಗೆಯಲಿಲ್ಲ. ನಾನು ತೆಗೆದರೆ ಕಣ್ಣು ಮುಚ್ಚುತ್ತಿದ್ದ.

ಮೊನ್ನೆ ಅವನಾಗಿಯೇ ಕರೆದ.

‘ಮಾವ್ರೇ, ನನ್ನ ಅಳತಿ ತಗೋರಿ.’

‘ಈಗ ಯಾತಕ್ಕಪ್ಪಾ. ಮೈ ಹಿಡೀಲಿ, ಆಮ್ಯಾಲ ತಗೊಂಡ್ರಾತು.’

‘ನಿಮಗ ಕೈಮುಗಿತೀನಿ, ತಗೋರಿ. ನಿಮಗ ಬ್ಯಾರೆ ಏನೂ ಬರದಿದ್ರೂ ಅಳತಿ ಬರ್ತದ.’

ತೆಗೆದೆ. ಎತ್ತಿ ಕೂರಿಸಬೇಕಾಯಿತು. ಬೆನ್ನಿನ ಹಿಂದೆ ಕೈ ಹಾಕಿದಾಗ ಏನು ಸಿಕ್ಕಿತು ಎಂದು ನಾನು ಬರೆಯುವುದಿಲ್ಲ, ನೀನು ಬಲ್ಲೆ. ಎಷ್ಟು ಎಂದು ಕೇಳಿದ. ನನ್ನ ನಾಲಿಗೆಗೆ ಸುಳ್ಳು ಬಂದಿತ್ತು, ತುದಿಯಲ್ಲೇ ಇತ್ತು. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಮದುವೆಗಿಂತ ಹತ್ತು ಬೆರಳು ಕಡಿಮೆ ಎಂದೆ. ಮೀರಾ ಕಳಿಸಿದ್ದಕ್ಕಿಂತ ನಾಲ್ಕು ಬೆರಳು ಕಡಿಮೆ ಎಂದೆ.

ದಾರ ತೋರಿಸಿರಿ ಎಂದು ಅದನ್ನು ನೋಡಿದ. ಆಮೇಲೆ, ‘ಸಾಲ್ಯಾಗ ತಪ್ಪ ಉತ್ತರ ಕೊಟ್ಟ ಹುಡುಗ್ರಿಗಿ ನಾ ಹೊಡೀತಿದ್ದೆ. ಐದು ತಿಂಗ್ಳ ಎಲ್ಲಾರೂ ಕೂಡಿ ನನಗ ತಪ್ಪ ಉತ್ತರ ಕೊಟ್ರಿ. ಹೊಡೀಲಿಕ್ಕಿ ಕೈ ಏಳವಲ್ದು’ ಅಂದ. ಹಾಲು ಕೇಳಿದ. ಎರಡು ಗುಟುಕು ಕುಡಿದ. ಇದು ನಿಜ.

ಇವತ್ತು ಮುಂಜಾನೆ ಹೇಳಿದ. ಅವನ ಮಾತು ಇದ್ದ ಹಾಗೇ ಬರೆಯುತ್ತೇನೆ. ‘ಆಕಿಗಿ ಕರಸ್ರಿ. ಸಿಟ್ಟು ಹೋಗ್ಯಾದ ಅಂತ ಅಲ್ಲ. ದಿನ ಹೋಗ್ಲತ್ತಾವ.’

ನಾನು ನನ್ನ ಕೈಯನ್ನು ಬಹಳ ಹೊಗಳಿಕೊಂಡೆ ಮೀರಾ. ಕಣ್ಣು ಮುಚ್ಚಿ ಹೆಣೆಯುತ್ತೇನೆ ಎಂದು ಊರಿಗೆಲ್ಲ ಹೇಳುತ್ತಿದ್ದೆ. ಕಣ್ಣು ಮುಚ್ಚಿಯೇ ಹೆಣೆದೆ.

ಬೆಳಗಿನ ಗಾಡಿಗೆ ಬಾ. ನುಚ್ಚು ಬೇಡ, ಏನೂ ತರಬೇಡ. ಮುಖವನ್ನು ಸರಿ ಮಾಡಿಕೊಂಡು ಬರಬೇಡ. ಹ್ಯಾಗಿದ್ದೀ ಹಾಗೆ ಬಾ.

ಕಾಶೀರಾಮ


ಭಾಲ್ಕಿ
೧೦ ಜನವರಿ ೧೯೫೭

ಕಾಕಾ,

ನಾನು ಒಳಗೆ ಹೋದಾಗ ನೀವು ಎದ್ದು ವರಾಂಡಕ್ಕೆ ಹೋಗಿ ಕುಳಿತಿರಿ. ಒಳಗೆ ಏನು ಮಾತಾಯಿತು ಎಂದು ಆ ದಿನವೂ ಕೇಳಲಿಲ್ಲ, ಮಣ್ಣು ಮಾಡಿ ಬಂದ ಮೇಲೂ ಕೇಳಲಿಲ್ಲ. ಮೋಟಾರು ಹತ್ತುವಾಗ ಕೇಳುತ್ತೀರಿ ಎಂದುಕೊಂಡೆ. ಆಗಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮಗೆ ಒಂದೂವರೆ ದಿನ ಸಿಕ್ಕಿತು. ಕುಳಿತ ಕೂಡಲೇ, ‘ಆಗಸ್ಟಿನಿಂದ ಡಾಕ್ಟ್ರು ಏನೇನ್ ಹೇಳ್ಯಾರ, ಒಂದೂ ಬಿಡದ್ಹಂಗ ಹೇಳು’ ಎಂದರು. ಹೇಳಿದೆ. ಯಾವ ದಿನ, ಎಲ್ಲಿ ನಿಂತು ಹೇಳಿದರು, ಆ ದಿನ ನಾನು ಅವರ ಮುಂದೆ ಬಂದು ಏನು ಸುಳ್ಳು ಹೇಳಿದೆ, ಎಲ್ಲ. ಹಾಜರಿ ತೆಗೆದುಕೊಳ್ಳುವವರ ಹಾಗೆ ಒಂದೊಂದಕ್ಕೂ ತಲೆ ಆಡಿಸಿದರು. ಮುಗಿಯುವಷ್ಟರಲ್ಲಿ ಸಂಜೆಯಾಗಿತ್ತು. ನನ್ನ ಗಂಟಲು ಹೋಗಿತ್ತು.

‘ಇಷ್ಟೆಲ್ಲಾ ನೀ ಒಬ್ಬಾಕೀನೇ ಹೊತ್ತಿ’ ಎಂದರು. ‘ನಂದಿತ್ತು ಅದು. ಅರ್ಧಾದ್ರೂ ನನಗ ಕೊಡಬೇಕಿತ್ತು.’

ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ಕೈ ಬಿಡಲಿಲ್ಲ. ಸಾಲೆಯ ಹುಡುಗರ ಹೆಸರು, ಯಾರಿಗೆ ಭಾಗಾಕಾರ ಬರುವುದಿಲ್ಲ, ಅವರ ಜಾಗಕ್ಕೆ ಬರುವ ಮಾಸ್ತರನಿಗೆ ಏನು ಹೇಳಬೇಕು ಎಂದು ಹೇಳುತ್ತಿದ್ದರು. ಆಮೇಲೆ ನೀವೂ ಒಳಗೆ ಬಂದಿರಿ.

ನಿಮ್ಮ ಮೇಲೆ ನನಗೆ ಸಿಟ್ಟು ಇತ್ತು. ಈಗಲೂ ಕೆಲವು ದಿನ ಬರುತ್ತದೆ. ಇಲ್ಲ ಎಂದು ಬರೆಯಬಹುದಿತ್ತು, ಬರೆಯುವುದಿಲ್ಲ.

ಮನೆಗೆ ಬಂದ ದಿನ ಪಡಸಾಲೆಯ ತುಂಬ ಜನ ಇದ್ದರು. ಸಖು ಎಲ್ಲರ ನಡುವೆ ದಾರಿ ಮಾಡಿಕೊಂಡು ಬಂದು, ‘ಅವ್ವಾ, ಅಪ್ಪ ಯಾವಾಗ ಬರ್ತಾನ?’ ಎಂದಳು. ಅತ್ತೆಯವರು ನನ್ನ ಕಡೆ ನೋಡಿ ಕಣ್ಸನ್ನೆ ಮಾಡಿದರು. ‘ಊರಿಗಿ ಹೋಗ್ಯಾನಂತ ಹೇಳು, ಕೂಸದ ಅದು’ ಎಂದು ಮೆಲ್ಲಗೆ ಅಂದರು.

‘ಬರಂಗಿಲ್ಲ ಸಖು. ಅಪ್ಪ ಸತ್ತಾನ’ ಎಂದೆ.

‘ನಾಳಿಗಿ?’

‘ನಾಳಿಗೂ ಬರಂಗಿಲ್ಲ.’

ಅತ್ತೆಯವರು ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಸಖು ದಿನಾ ಮುಂಜಾನೆ ಎದ್ದು ಕೇಳುತ್ತಾಳೆ. ದಿನಾ ಹೇಳುತ್ತೇನೆ.

ಮೀರಾ